ಬೇಲಿಯ ಮೇಲಿನ ಮೊದಲ ರೊಟ್ಟಿ

ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಹಬ್ಬದ ಹಿಂದಿನ ದಿನ ಸುಣ್ಣ ಬಳಿದ ಗೋಡೆಯ ತೇವ, ಅದರೊಳಗೆ ಕೆಂಡದ ಮೇಲಿನ ತೆನೆಯ ಘಮ. ಕಳೆದ ಭಾನುವಾರ ಸಿಡ್ನಿಯ ಸ್ಕೋಫೀಲ್ಡ್ಸ್‌ನ ನನ್ನ ಹೊಸ ಮನೆಯಲ್ಲಿ ಆ ವಾಸನೆ ಎದ್ದಿತು. ಹ್ಯಾರಿಸ್ ಪಾರ್ಕ್‌ನ ಅಂಗಡಿಯಲ್ಲಿ ವೀಳ್ಯದೆಲೆಯ ಪಕ್ಕದಲ್ಲಿಟ್ಟಿದ್ದ ಸುಣ್ಣದ ಡಬ್ಬಿ ತಂದು, ಕಾಳನ್ನು ನಾನೇ ಒಲೆಗಿಟ್ಟಿದ್ದೆ. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ವಾಟ್ ಈಸ್ ದಟ್ ಸ್ಮೆಲ್?" ಎಂದಳು. ಮಾರ್ತಾ ಆಂಟಿಯ ಮನೆ ಕಣೇ ಇದು, ಎನ್ನಬೇಕೆನಿಸಿತು. ಆ ಮನೆ ಈಗಿಲ್ಲ. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಅದು ಇದ್ದ ಜಾಗದಲ್ಲಿ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಎದ್ದಿದೆ. ಮಾರ್ತಾ ಆಂಟಿಯೂ ಹೋದ ತಿಂಗಳು ತೀರಿಕೊಂಡರು.

ನನಗಾಗ ಒಂಬತ್ತು ವರ್ಷ. ಒಂದೇ ಕಾಂಪೌಂಡಿನಲ್ಲಿ ಎರಡು ಇಟ್ಟಿಗೆ ಮನೆಗಳು, ನಡುವೆ ನನ್ನ ಎದೆಮಟ್ಟದ ಮರದ ಬೇಲಿ. ಈಚೆ ರೆಂಟ್‌ಗಿದ್ದ ನಾವು, ಆಚೆ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದಿಂದ ಬಂದ ಮಾರ್ತಾ ಆಂಟಿ. ಅವರು ಸುಣ್ಣದಲ್ಲಿ ಕುದಿಸಿ ಅರೆದ ಮೆಕ್ಕೆಜೋಳದ ಹಿಟ್ಟನ್ನು ಎರಡು ಅಂಗೈಗಳ ನಡುವೆಯೇ ರೊಟ್ಟಿ ತಟ್ಟುವರು. ಲಟ್ಟಣಿಗೆ ಇಲ್ಲ, ಮಣೆ ಇಲ್ಲ. ಕಾದ ಹಂಚಿನ ಮೇಲೆ ಬರಿಬೆರಳಿನಲ್ಲೇ ಮಗುಚುವರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅವೇ ಕೈಗಳು ಇಬ್ಬರು ಮಕ್ಕಳನ್ನು ಹಿಡಿದು ಮೂರು ದಿನ ನಡೆಸಿ ಗಡಿ ದಾಟಿಸಿದ್ದವು ಎಂದು ಅಮ್ಮ ಹೇಳಿದ ಮೇಲಂತೂ ಅವರು ಮನುಷ್ಯರೋ ದೇವರೋ ಎಂಬ ಅನುಮಾನವೇ ಬಂದಿತ್ತು ನನಗೆ. ಅವರ ಊರಲ್ಲಿ ಆಗ ಯುದ್ಧ. ಸೈನ್ಯದ ಲಾರಿ ಬಂದು, ಮೀಸೆ ಮೂಡದ ಹುಡುಗರನ್ನೂ ತುಂಬಿಕೊಂಡು ಹೋಗುತ್ತಿತ್ತಂತೆ. ಮಗ ರೂಬೆನ್‌ಗೆ ಹನ್ನೆರಡು ತುಂಬಿದ ವಾರವೇ ಅವರು ಹೊರಟರು. ಅವರ ತಾಯಿ ಮಾತ್ರ ಬರಲಿಲ್ಲ. ಕೋಳಿಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದರಂತೆ. ಕೋಳಿ ಒಂದು ನೆಪ. ಅಷ್ಟು ದೂರ ನಡೆಯಲು ಅವರ ಕಾಲು ಒಪ್ಪುತ್ತಿರಲಿಲ್ಲ. ಊರಿನ ಆ ಮನೆಯಲ್ಲಿ ಹಂಚಿನ ಮೊದಲ ರೊಟ್ಟಿ ಯಾವತ್ತೂ ಆ ತಾಯಿಯದೇ. ಹೊರಟ ಬೆಳಿಗ್ಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗಿಟ್ಟರು. ಅಂದಿನಿಂದ ಮಾರ್ತಾ ಆಂಟಿ ಮೊದಲ ರೊಟ್ಟಿ ತಿಂದದ್ದಿಲ್ಲ. ಬಟ್ಟೆ ಮುಚ್ಚಿ ಕಿಟಕಿಯ ಬಳಿ ಇಡುವರು, "ಇದು ನನ್ನ ಅಮ್ಮಂದು" ಎನ್ನುವರು. ಸಂಜೆಯಾದರೆ ಅದು ನನ್ನ ಪಾಲಿಗೆ ಬರುತ್ತಿತ್ತು.

ಆ ವರ್ಷ ಹಾವೇರಿಯಿಂದ ನನ್ನ ಅಜ್ಜಿ ಬಂದಳು. ಬೇಲಿಯಾಚೆಯ ಪಟಪಟ ಸದ್ದು ಕೇಳಿದ್ದೇ ತಡ, "ಯವ್ವಾ, ಈಕಿ ನಮ್ಮಂಗ ರೊಟ್ಟಿ ಬಡೀತಾಳಲ್ಲ!" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ನಡುವೆ ನಾನೇ ದುಭಾಷಿ. ಅಜ್ಜಿಯ ಎಲೆಯಡಿಕೆಗೆ ಸುಣ್ಣ ಮುಗಿದಾಗ ಕೊಟ್ಟವರೂ ಮಾರ್ತಾ ಆಂಟಿಯೇ.

ಒಂದು ಬೆಳಿಗ್ಗೆ ನಾವಿಬ್ಬರೂ ಅಲ್ಲಿದ್ದಾಗ ಆಂಟಿ ಮೊದಲ ರೊಟ್ಟಿಗೆ ಬಟ್ಟೆ ಮುಚ್ಚಿ ತೆಗೆದಿಟ್ಟು ಕೋಣೆಯೊಳಗೆ ಹೋದರು. ಯಾರಿಗೆಂದು ಅಜ್ಜಿ ಕೇಳಿದಳು. ಅವರ ಅಮ್ಮನಿಗೆ, ಎಂದೆ. ಮನೆಯಲ್ಲಿಲ್ಲದ ತಾಯಿಗೆ ಮೊದಲ ತುತ್ತು ಎತ್ತಿಡುವುದೆಂದರೆ ಅಜ್ಜಿಗೆ ಗೊತ್ತಿದ್ದ ಅರ್ಥ ಒಂದೇ, ಸತ್ತವರ ಎಡೆ. "ಒಳಗ ಮುಚ್ಚಿಟ್ರ ಹೋದವ್ರಿಗೆ ಹೆಂಗ ಮುಟ್ಟತೈತಿ? ಪಾಪ, ಹೇಳೋವ್ರಿಲ್ಲ ಈಕಿಗೆ" ಎಂದವಳೇ ರೊಟ್ಟಿಯನ್ನು ಹೊರಗೊಯ್ದು ಬೇಲಿಯ ಮೇಲಿಟ್ಟು ಕೈಮುಗಿದಳು. ಕೂಸು ಅತ್ತಂತೆ ಕೂಗುವ ಇಲ್ಲಿನ ಕಾಗೆ ಕಾದೇ ಇತ್ತೇನೋ, ಸರ್ರನೆ ಬಂದು ಕಚ್ಚಿಕೊಂಡು ಹೋಯಿತು.

"ಅಜ್ಜೀ, ಅವರಮ್ಮ ಬದುಕಿದ್ದಾರೆ!" ಎಂದು ಕಿರುಚಿದೆ. ಅಜ್ಜಿಯ ಮುಖ ಬಿಳಿಚಿತು. ಬದುಕಿದ್ದವರ ಹೆಸರಲ್ಲಿ ಕಾಗೆಗೆ ಎಡೆ ಇಡುವುದೆಂದರೆ! ಗಲ್ಲ ಗಲ್ಲ ಬಡಿದುಕೊಂಡಳು. ಆಂಟಿ ಬಂದು ಬರಿದಾದ ಬಟ್ಟೆಯನ್ನು ನೋಡಿದರು. ನಾನು ತೊದಲುತ್ತಾ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬಟ್ಟೆಯನ್ನು ಮಡಚುತ್ತಾ ಇಷ್ಟೇ ಕೇಳಿದರು: ಸತ್ತವರದೇ ಆಗಿದ್ದು, ಹಕ್ಕಿ ತಕ್ಷಣ ಬಂದು ತಿಂದರೆ ಏನರ್ಥ?

"ಆಸೆ ಏನೂ ಉಳಿದಿಲ್ಲ, ಮಕ್ಕಳ ಮ್ಯಾಲೆ ಸಿಟ್ಟಿಲ್ಲ ಅಂತ ಅರ್ಥ," ಎಂದಳು ಅಜ್ಜಿ. "ಆದ್ರ ನಿಮ್ಮವ್ವ ನೂರು ವರ್ಷ ಬಾಳ್ಲಿ, ತಾಯಿ. ನನ್ನ ತಪ್ಪಾತು."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಂಟಿ ಅಜ್ಜಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹಾಗೆಯೇ ನಿಂತರು. ಬಿಡಿಸಿಕೊಂಡಾಗ ಅಜ್ಜಿಯ ಕೈಯೆಲ್ಲ ಹಿಟ್ಟಾಗಿತ್ತು. ಆ ಸೋಮವಾರ ಅಜ್ಜಿ, ಎಂದೂ ಕಾಣದ ಆ ತಾಯಿಯ ಆಯಸ್ಸಿಗಾಗಿ ಉಪವಾಸ ಮಾಡಿದಳು. ಆಂಟಿ ಬಾಳೆಹಣ್ಣು ತಂದುಕೊಟ್ಟರು. ಮಾರನೆಯ ದಿನದಿಂದ ಮೊದಲ ರೊಟ್ಟಿಯನ್ನು ಅವರೇ ಬೇಲಿಯ ಮೇಲಿಡತೊಡಗಿದರು. ಅಜ್ಜಿಯ ಮನಸ್ಸಿಗೆ ನೋವಾಗಬಾರದೆಂದು ಹಾಗೆ ಮಾಡುತ್ತಾರೆ ಅಂದುಕೊಂಡೆ. ನನ್ನ ಪಾಲು ಕಾಗೆಯದಾಯಿತಲ್ಲ ಎಂದು ಎಷ್ಟೋ ದಿನ ಸಿಡಿಮಿಡಿಗೊಂಡಿದ್ದೆ.

ಆಂಟಿ ಕೊನೆಯ ವರ್ಷಗಳಲ್ಲಿ ಇಲ್ಲೇ ಸಿಡ್ನಿಯಲ್ಲಿ ಮಗನ ಜೊತೆ ಇದ್ದರು. ಹೋದ ತಿಂಗಳು ಅವರನ್ನು ಮಣ್ಣು ಮಾಡಿದ ಮೇಲೆ ರೂಬೆನ್ ನನ್ನ ಪಕ್ಕ ಬಂದು ಕೂತ. ತಲೆ ನರೆತಿದೆ ಈಗ ಅವನಿಗೆ. "ನಿಮ್ಮಜ್ಜಿ ಬರೋಕೆ ಎರಡು ತಿಂಗಳ ಮುಂಚೆಯೇ ಊರಿಂದ ಲೆಟರ್ ಬಂದಿತ್ತು," ಎಂದ. "ನಮ್ಮಜ್ಜಿ ಹೋಗಿಬಿಟ್ಟಿದ್ರು. ಅಮ್ಮ ಆ ಲೆಟರ್‌ನ ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟಿದ್ಲು, ನಮಗೂ ಹೇಳಿರಲಿಲ್ಲ. ಕಾಗೆ ತಿಂದ ದಿನ ಸಂಜೆ ಕೂರಿಸಿಕೊಂಡು ಹೇಳಿದ್ಲು." ನನ್ನ ಅಜ್ಜಿ ಸಾಯುವವರೆಗೂ ಅಂದಿನ ಎಡೆಯನ್ನು ತನ್ನ ಪಾಪವೆಂದೇ ಹೇಳಿಕೊಳ್ಳುತ್ತಿದ್ದಳು.

ಭಾನುವಾರ ನಾನು ತಟ್ಟಿದ ಮೊದಲ ರೊಟ್ಟಿ ಅಂಚೆಲ್ಲ ಬಿರಿದಿತ್ತು. ಹಿತ್ತಲ ತಗಡಿನ ಬೇಲಿಯ ಮೇಲಿಟ್ಟು ಕೈಮುಗಿದೆ. ಪಕ್ಕದ ಮನೆಯ ಛಾವಣಿಯ ಮೇಲೆ ಕಾಗೆ ಕೂತಿತ್ತು. ನೋಡಿತು, ಕೂಗಿತು, ಬರಲಿಲ್ಲ. ಕಾಗೆ ಬಾರದಿದ್ದರೆ ಸತ್ತವರ ಆಸೆ ಏನೆಂದು ನೆನೆದು, ನಡೆಸಿಕೊಡುತ್ತೇನೆಂದು ಮಾತು ಕೊಡಬೇಕು ಎನ್ನುತ್ತಿದ್ದಳು ಅಜ್ಜಿ. ಆಂಟಿಯ ಆಸೆ ನನಗೆ ಗೊತ್ತು. ಊರಿನ ಆ ಮನೆಯ ಬಾಗಿಲಿಗೆ ಒಮ್ಮೆ ಹೋಗಿ, ಬಿಸಿ ರೊಟ್ಟಿಯೊಂದನ್ನು ತಾಯಿಯ ಕೈಗೆ ಹಿಂದಿರುಗಿಸುವುದು. ಅದಕ್ಕೆ ನಾನೇನು ಮಾತು ಕೊಡಲಿ? ಆದರೂ ಕಾಗೆ ಬಾರದ್ದಕ್ಕೆ ನನಗೆ ಒಳಗೊಳಗೇ ಸಮಾಧಾನವಾಯಿತು; ಅದು ಮುಟ್ಟುವವರೆಗೆ ಆಂಟಿ ಪೂರ್ತಿ ಹೋದಂತಲ್ಲ. ಆ ಕಾಗದ ಜೋಳದ ಡಬ್ಬಿಯಲ್ಲಿ ಯಾಕಿತ್ತು ಎಂಬುದು ಆಗ ಅರ್ಥವಾಯಿತು. ರೊಟ್ಟಿಯನ್ನು ಒಳಗೆ ತಂದು, ಬಟ್ಟೆ ಮುಚ್ಚಿ, ಕಿಟಕಿಯ ಬಳಿ ಇಟ್ಟೆ.

ಸಂಜೆ ಮಗಳು ಆಡಿ ಬಂದು ಬಟ್ಟೆ ಸರಿಸಿದಳು. "ಈಸ್ ದಿಸ್ ಫಾರ್ ಸಮ್‌ಒನ್?"

"ಮಾರ್ತಾ ಆಂಟಿದು," ಎಂದೆ. "ನೀನು ತಿನ್ನು."