ಫೋನ್ ಇಡಿ, ನಾನೇ ಮಾಡ್ತೀನಿ

ಬ್ಯಾಲಂಟೈನ್ ಬಡಾವಣೆಯ ನಮ್ಮ ಪುಟ್ಟ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದ ಮೈಸೂರಿನ ಆಂಟಿ, ಯಾರು ಕರೆ ಮಾಡಿದರೂ "ಫೋನ್ ಇಡಿ, ನಾನೇ ಮಾಡ್ತೀನಿ" ಎಂದು ಇಟ್ಟು, ತಾವೇ ತಿರುಗಿ ಕರೆ ಮಾಡುತ್ತಿದ್ದರು. ಗಂಡನಿಗೂ ವಿನಾಯಿತಿ ಇರಲಿಲ್ಲ.

"ಆಂಟಿ, ಇದೇನು ಎಸ್‌ಟಿಡಿ ಬೂತಾ?" ಎಂದು ರೇಗಿಸುತ್ತಿದ್ದೆವು.

ಒಂದು ಮಧ್ಯಾಹ್ನ ವಿಡಿಯೋ ಕಾಲ್‌ನಲ್ಲಿ ಬಾಸ್ ಕಾಣಿಸಿಕೊಂಡು, ಎಲ್ಲರ ಸಂಬಳದ ಹಣವನ್ನು ಹೊಸ ಖಾತೆಗೆ ತಕ್ಷಣ ಕಳಿಸಲು ಹೇಳಿದರು. ಅದೇ ಮುಖ, ಅದೇ ಧ್ವನಿ. ಆಂಟಿಯ ಪಕ್ಕದಲ್ಲೇ ಕೂತಿದ್ದ ನಾನು ಹಣ ಕಳಿಸುವ ಬಟನ್ ಒತ್ತುವುದರಲ್ಲಿದ್ದೆ. ಆಂಟಿ ನಡುವೆ ಬಾಗಿ, "ಇಡಿ ಸರ್, ನಾನೇ ಮಾಡ್ತೀನಿ" ಎಂದು ಕಾಲ್ ಮುಗಿಸಿ, ಬಾಸ್ ಅವರ ಮೊಬೈಲಿಗೆ ಫೋನ್ ಮಾಡಿದರು.

ಬಾಸ್ ಹಲ್ಲಿನ ಡಾಕ್ಟರ ಬಳಿ ಇದ್ದರು. ಅರಿವಳಿಕೆಯಿಂದ ಮರಗಟ್ಟಿದ ಬಾಯಲ್ಲಿ, ತಾವು ಯಾವ ವಿಡಿಯೋ ಕಾಲೂ ಮಾಡಿಲ್ಲವೆಂದು ತೊದಲಿದರು. ಪರದೆಯ ಮೇಲೆ ಬಂದಿದ್ದು ಎಐ ಸೃಷ್ಟಿಸಿದ ಮುಖ!

ನಾನು ಗಡಿಬಿಡಿಯಲ್ಲಿ ಹಣ ಕಳಿಸುವ ಪುಟ ಮುಚ್ಚಿದೆ. ಆಂಟಿ ಮಾತ್ರ ಫೋನಿಗೆ ಕೈ ಅಡ್ಡವಿಟ್ಟು ನಕ್ಕರು: "ಒಂದು ಮಾತೂ ಅರ್ಥ ಆಗ್ತಿಲ್ಲ ಕಣಪ್ಪ. ಆದ್ರೆ ನಮ್ಮ ಬಾಸ್ ಇವ್ರೇ."