ಸಣ್ಣಾಯಿಯ ಚಹಾ ಮತ್ತು ಚೆಂಡುಹೂವಿನ ದಾರ

ಬಾಣಂತಿಗೆ ಅಂಟಿನುಂಡೆ ಕಟ್ಟಲೆಂದು ಒಣಕೊಬ್ಬರಿ ತುರಿಯುತ್ತಾ ಕೂತಿದ್ದೆ. ತಿಂಥಣಿಯಿಂದ ಫೋನು ಬಂತು. ಮಾಡಿದವಳು ಸಣ್ಣಾಯಿಯ ಸೊಸೆ. ಸಣ್ಣಾಯಿ ಎಂದರೆ ನಮ್ಮ ಅತ್ತೆಯ ಬೆನ್ನಿಗೆ ಹುಟ್ಟಿದ ತಂಗಿ.

ನನ್ನ ಮಗಳು ಹೆರಿಗೆಗೆ ಸುರಪುರಕ್ಕೆ, ನಮ್ಮ ಮನೆಗೆ ಬಂದಾಗಲೇ ಆ ಮುದುಕಿ ಮೌನೇಶ್ವರನ ಮುಂದೆ ಬೇಡಿಕೊಂಡಿದ್ದಳು: ಕೂಸು ತೊಟ್ಟಿಲಲ್ಲಿ ಮಲಗಿದ್ದನ್ನು ಕಣ್ಣಾರೆ ನೋಡುವತನಕ ಚಹಾ ಮುಟ್ಟುವುದಿಲ್ಲ ಎಂದು. ದೇವರು ನಡೆಸಿಕೊಟ್ಟ, ಹೆರಿಗೆ ಸುಸೂತ್ರವಾಯಿತು. ಆದರೆ ತೊಟ್ಟಿಲ ಕಾರ್ಯ ಇನ್ನೇನು ಬಂತು ಎನ್ನುವಾಗ ಸಣ್ಣಾಯಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಅವಳು ಮಂಚ ಬಿಟ್ಟು ಏಳುವಂತಿಲ್ಲ, ಹಸಿ ಬಾಣಂತಿ ಹೊಸಿಲು ದಾಟುವಂತಿಲ್ಲ. ದಿನಕ್ಕೆ ಹತ್ತು ಸಲ ಚಹಾ ಕುಡಿಯುತ್ತಿದ್ದ ಜೀವ ಒಣಗಿಹೋಗಿತ್ತು.

ಮೊಬೈಲಿನಲ್ಲಿ ಕೂಸನ್ನು ತೋರಿಸಿದರೆ ಪೊರೆ ಬಂದ ಅವಳ ಕಣ್ಣಿಗೆ ಮಬ್ಬು ಬಿಟ್ಟು ಬೇರೇನೂ ಕಾಣಲಿಲ್ಲ. ತೊಟ್ಟಿಲ ಕಾರ್ಯದ ವಿಡಿಯೊವನ್ನು ಪೆನ್‌ಡ್ರೈವಿನಲ್ಲಿ ಕಳಿಸಿದೆವು. ಅವರ ಹಳೇ ಟಿವಿ ಅದನ್ನು ತೆರೆಯಲೇ ಇಲ್ಲ, ಪರದೆ ಕಪ್ಪಗೇ ನಿಂತಿತು. ಸಣ್ಣಾಯಿ ಅದನ್ನೇ ದೇವರ ಸೂಚನೆ ಎಂದು ತಿಳಿದು ಗೋಡೆಯ ಕಡೆ ಹೊರಳಿ ಮಲಗಿಬಿಟ್ಟಳಂತೆ. ಈಗ ರೊಟ್ಟಿಯೂ ಅರ್ಧಕ್ಕೆ ಬಂದಿದೆ.

"ಅಕ್ಕಾ, ಹರಕಿ ಹೊತ್ತಾಕಿ ಆಕಿ, ತೀರಸಾಕತ್ತವ್ರು ನಾವು," ಎಂದಳು ಸೊಸೆ. "ಇವ್ರು ಗೊಬ್ಬರಕ್ಕಂತ ಸುರಪುರಕ್ಕ ಬಂದಾರ. ಮೂರಕ್ಕ ಹೊಳ್ಳತಾರ. ನಮ್ಮ ಟಿವಿಗೆ ಹತ್ತುವಂಥದ್ದು ಮಾಡಿ ಕೊಡ್ರಿ. ಇಲ್ಲಂದ್ರ ನಾ ತೌರಿಗಿ ಹೋಗ್ತೀನಿ ನೋಡ್ರಿ."

ಕೊಬ್ಬರಿಯ ಕೈಯಲ್ಲೇ ಮಗಳ ಕೋಣೆಗೆ ಹೋದೆ. ಮದುವೆಗೆ ಮುಂಚೆ ಶಹಾಪುರದ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡಿದವಳು ಅವಳು. ತಲೆಗೆ ಸ್ಕಾರ್ಫ್, ಕಿವಿಯಲ್ಲಿ ಅರಳೆ, ಸೊಂಟಕ್ಕೆ ಬಿಗಿದ ಸೀರೆ, ಹಾಗೇ ಎದ್ದು ಬಂದು ಕಂಪ್ಯೂಟರಿನ ಮುಂದೆ ಕೂತಳು. ಬಾಣಂತಿ ಪರದೆ ನೋಡಿದರೆ ಕಣ್ಣು ಹಾಳಾಗುತ್ತವೆ ಎಂದು ಅತ್ತೆ ಶುರು ಮಾಡಿದರು. ನಿಮ್ಮ ತಂಗಿಯ ಚಹಾದ ಸಲುವಾಗಿ ಎಂದ ಮೇಲೆ ತಾವೂ ಒಂದು ಸ್ಟೂಲು ಎಳೆದುಕೊಂಡರು.

ವಿಡಿಯೊ ತೆಗೆದವನು ಹೊಸ ನಮೂನೆಯಲ್ಲಿ, ಬಹಳ ದೊಡ್ಡದಾಗಿ ಕೊಟ್ಟಿದ್ದಾನೆ, ಹಳೇ ಟಿವಿಗೆ ಅದನ್ನು ಬಿಡಿಸಿಕೊಳ್ಳಲು ಬರುವುದಿಲ್ಲ ಎಂದಳು ಮಗಳು. ಎಲ್ಲವನ್ನೂ ಬಿಚ್ಚಿ ಹಳೇ ನಮೂನೆಯಲ್ಲಿ ಮತ್ತೆ ಕಟ್ಟಬೇಕು. ಕಟ್ಟಲು ಹಚ್ಚಿದಳು. ಮುಗಿಯುವುದು ನಾಳೆ ಬೆಳಿಗ್ಗೆ ಎಂದಿತು ಕಂಪ್ಯೂಟರು.

"ಇದರಾಗ ಗ್ರಾಫಿಕ್ಸ್ ಕಾರ್ಡ್ ಐತಿ ಅಂತ ಅಪ್ಪ ಹೇಳಿದ್ನಲ್ಲವ್ವ? ಇಲ್ಲಿ ಅದರ ಹೆಸರೇ ಇಲ್ಲ."

ಅದೇನು ಎಂದು ಕೇಳಿದೆ. ಅವಳು ನನಗೆ ತಿಳಿಯುವ ಹಾಗೆ ಹೇಳಿದಳು. ಈಗ ಕೆಲಸ ಮಾಡುತ್ತಿರುವುದು ಕಂಪ್ಯೂಟರಿನ ಪ್ರೊಸೆಸರು. ಅದು ನನ್ನ ಹಾಗೆ, ಸಾರು, ಪಲ್ಯ, ಮುಸುರೆ ಎಲ್ಲದರ ನಡುವೆ ರೊಟ್ಟಿಯನ್ನೂ ಬಡಿಯುತ್ತದೆ. ಕಾರ್ಡಿನೊಳಗೆ ವಿಡಿಯೊ ಕಟ್ಟಲೆಂದೇ ಒಂದು ಭಾಗ ಇದೆ, ಅದು ಮದುವೆ ಮನೆಗೆ ಕರೆಸುವ ರೊಟ್ಟಿಯವಳ ಹಾಗೆ. ಬೇರೇನೂ ಬರುವುದಿಲ್ಲ, ಆದರೆ ರೊಟ್ಟಿಗೆ ಕೂತಳೆಂದರೆ ಬುಟ್ಟಿ ತುಂಬಿತೆಂದೇ ಲೆಕ್ಕ.

ಅಂಥವಳು ಮನೆಯಲ್ಲೇ ಇದ್ದರೆ ಕಾಣದೆ ಎಲ್ಲಿ ಹೋದಳು ಎಂದು ನಾವು ನೋಡುತ್ತಿರುವಾಗ ಅತ್ತೆ ಬಾಯಿ ಬಿಟ್ಟರು. ಮಹಾನವಮಿಗೆ ಎಲ್ಲಾ ಸಾಮಾನಿನ ಜೊತೆ ಈ ಕಂಪ್ಯೂಟರಿಗೂ ಪೂಜೆ ಮಾಡಿದ್ದರು. ಆಮೇಲೆ ಇದು ಚೀರತೊಡಗಿತು. ನಮ್ಮ ಮನೆಯವರು ಡಬ್ಬಿಯ ಬಾಗಿಲು ತೆಗೆದು ಏನೋ ಕಿತ್ತರು, ಗಪ್ಪಾಯಿತು. ಅವರೀಗ ಯಾದಗಿರಿಯಲ್ಲಿ, ಆಫೀಸಿನಲ್ಲಿ. ಫೋನು ಎತ್ತಲಿಲ್ಲ.

ಮಗಳು ಸ್ವಿಚ್ ಆರಿಸಿ ಡಬ್ಬಿ ಬಿಚ್ಚಿದಳು. ಕಾರ್ಡು ತನ್ನ ಜಾಗದಲ್ಲೇ ಇತ್ತು, ಅದರ ವಾಯರು ಮಾತ್ರ ಪಕ್ಕಕ್ಕೆ ಜೋತುಬಿದ್ದಿತ್ತು. ಕಾರ್ಡಿನ ಫ್ಯಾನಿಗೆ ಚೆಂಡುಹೂವಿನ ದಾರ ಸುತ್ತಿಕೊಂಡು ಕರಕಲಾಗಿತ್ತು. ಹಿಂದಿನ ತೂತುಗಳಲ್ಲಿ ಪೋಣಿಸಿ ಕಟ್ಟಿದ ಮಾಲೆಯನ್ನು ಫ್ಯಾನು ಒಳಕ್ಕೆ ಎಳೆದುಕೊಂಡಿತ್ತು.

"ಆಯಿ, ನಿನ್ನ ಮಾಲಿ ಇಲ್ಲೇ ಐತಿ ನೋಡು."

ಅತ್ತೆ ಅಲುಗಲಿಲ್ಲ. "ನಾ ಹೂವ ಏರಿಸಿದ್ನಿ. ವಾಯರ್ ಕಿತ್ತಾಂವ ನಿಮ್ಮಪ್ಪ. ದೇವ್ರ ಮ್ಯಾಲೆ ಹಾಕಬ್ಯಾಡ."

ನಗು ಹತ್ತಿತು ನೋಡಿ. ಮಗಳು ಹೊಟ್ಟೆ ಹಿಡಿದುಕೊಂಡು, ಬಾಣಂತಿ ಇಷ್ಟು ನಗಬಾರದು ಎನ್ನುತ್ತಾ ಅತ್ತೆ ತಾವೇ ಸೆರಗು ಬಾಯಿಗೆ ಹಿಡಿದುಕೊಂಡು, ನಾನು ಕೊಬ್ಬರಿ ಕೈಯಿಂದಲೇ ಕಣ್ಣೊರೆಸಿಕೊಂಡು. ಅಷ್ಟು ಗದ್ದಲದಲ್ಲೂ ಕೂಸು ಏಳಲಿಲ್ಲ. ಅದು ದೇವರ ದಯೆ.

ಕತ್ತರಿಯಿಂದ ದಾರ ಬಿಡಿಸಿ, ಬಣ್ಣದ ಬ್ರಷ್ಷಿನಿಂದ ಧೂಳು ಜಾಡಿಸಿ, ವಾಯರು ಸಿಕ್ಕಿಸಿದಳು. ಸ್ವಿಚ್ ಹಾಕಿದರೆ ಫ್ಯಾನು ಸದ್ದಿಲ್ಲದೆ ತಿರುಗಿತು. ಪಟ್ಟಿಯಲ್ಲಿ ಕಾರ್ಡಿನ ಹೆಸರು ಬಂದು ಕೂತಿತು. ಮಗಳು ಅದನ್ನು ಆಯ್ದು ಮತ್ತೆ ಶುರು ಮಾಡಿದಳು. ಅಬ್ಬಬ್ಬಾ, ಆಗ ತೆವಳುತ್ತಿದ್ದ, ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಗೆರೆ ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಿತು. ನಾಳೆ ಬೆಳಿಗ್ಗೆ ಎಂದಿದ್ದು ಅರ್ಧ ತಾಸಿಗಿಂತ ಕಡಿಮೆ ಎಂದಿತು. ನಾನು ಅಡುಗೆಮನೆಗೂ ಕಂಪ್ಯೂಟರಿಗೂ ಓಡಾಡಿದೆ, ಸುಮ್ಮನೆ, ಅದು ಓಡುವುದನ್ನು ನೋಡಲಿಕ್ಕೆ. ಕರೆಂಟು ಹೋಗದಿರಲಪ್ಪ ಎಂದು ದೇವರ ಮುಂದೆ ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚಿದೆ. ಹೋಗಲಿಲ್ಲ.

ಕಾರ್ಡಿನ ಕೈಯ ರೊಟ್ಟಿ ಕೊಂಚ ದಪ್ಪ ಎಂದಳು ಮಗಳು. ಅದೇ ಚೆಂದದ ವಿಡಿಯೊ ಕಟ್ಟಲು ಇದಕ್ಕೆ ಹೆಚ್ಚು ಜಾಗ ಬೇಕಂತೆ. ಪೆನ್‌ಡ್ರೈವಿನಲ್ಲಿ ಹಿಡಿಸಿತು, ಸಾಕು. ಅತ್ತೆಯ ಕೋಣೆಯ ಟಿವಿಯೂ ಅಷ್ಟೇ ಹಳೆಯದು. ಅದಕ್ಕೆ ಹಚ್ಚಿ ನೋಡಿದೆವು. ತೊಟ್ಟಿಲು ಕಂಡಿತು, ತೊಟ್ಟಿಲಲ್ಲಿ ಆಕಳಿಸುವ ಕೂಸೂ ಕಂಡಿತು.

ಸಣ್ಣಾಯಿಯ ಮಗ ಗೊಬ್ಬರದ ಚೀಲ ಹೇರಿಕೊಂಡು ಬಾಗಿಲಿಗೆ ಬಂದ. ಟಿವಿಯಲ್ಲಿ ನೋಡಿದರೆ ಹರಕೆ ತೀರುತ್ತದೋ ಇಲ್ಲವೋ ಎಂದು ಅವನಿಗೇ ಅನುಮಾನ. ಅವ್ವ ಒಪ್ಪದಿದ್ದರೆ ಏನು ಮಾಡಲಿ ಎಂದ. ಅತ್ತೆ ಪೆನ್‌ಡ್ರೈವಿಗೆ ವಿಭೂತಿ ಹಚ್ಚಲು ಹೋದರು. ಮಗಳು ಕಸಿದುಕೊಂಡು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಹಚ್ಚು ಎಂದಳು. ಹಚ್ಚಿ, ಅತ್ತೆ ಅವನ ಕೈಗಿಟ್ಟರು.

"ನಿಮ್ಮವ್ವಗ ನಾ ಹೇಳೀನಿ ಅಂತ ಹೇಳು. ಕಣ್ಣಾರೆ ನೋಡತೀನಿ ಅಂತ ಬೇಡಿಕೊಂಡಾಳ. ಎಲ್ಲಿ ಕುಂತು ನೋಡತೀನಿ ಅಂತ ದೇವ್ರಿಗಿ ಹೇಳಿಲ್ಲ."

ದೀಪ ಹಚ್ಚುವ ಹೊತ್ತಿಗೆ ಮತ್ತೆ ಫೋನು. ಸೊಸೆ ನಗುತ್ತಿದ್ದಳು. ಮುದುಕಿ ತೊಟ್ಟಿಲು ಕಂಡ ಕೂಡಲೇ ಕೈಮುಗಿದು, ಅಕ್ಕನ ಮಾತು ಕೇಳಿಸಿಕೊಂಡು, ಒಂದು ವಾಟಗ ಚಹಾ ತರಿಸಿಕೊಂಡಿದ್ದಳು. ಹಿಂದಿನಿಂದ ಸಣ್ಣಾಯಿಯದೇ ದನಿ ಕೇಳಿತು: "ಸಕ್ರಿ ಕಮ್ಮಿ ಆಗೇತಿ. ಇನ್ನೊಂದು ಮಾಡು."

ಕೂಸು ಎದ್ದು ಅಳತೊಡಗಿತು. ಫೋನು ಅತ್ತೆಯ ಕೈಗೆ ಕೊಟ್ಟು, ಕೂಸಿಗೆ ಹೊಗೆ ಹಾಕಲು ಒಲೆಯ ಕೆಂಡ ತೆಗೆಯಲು ಹೋದೆ.