ಹನ್ನೊಂದು ತಿಂಗಳ ಸಂಜೆ

ಮೇಷ್ಟ್ರು ಪಾಠ ಹೇಳುವ ಮೇಷ್ಟ್ರಲ್ಲ, ಹಲ್ಲುಸೆಟ್ಟು ಕಟ್ಟುವವರು. ಡಾಕ್ಟರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಅದರ ಮೇಲೆ ಗುಲಾಬಿ ಮೇಣದ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಮೇಲಿನ ಸಾಲೂ ಕೆಳಗಿನ ಸಾಲೂ ಸರಿಯಾಗಿ ಕಚ್ಚುತ್ತವೆಯೋ ಇಲ್ಲವೋ ಎಂದು ಕಬ್ಬಿಣದ ದವಡೆಗೆ ಸಿಕ್ಕಿಸಿ ಟಕ್ ಟಕ್ ಎನ್ನಿಸಿ ನೋಡುವುದು ಅವರ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮೇಣ ಕರಗಿಸಿ ಮತ್ತೆ ಮೊದಲಿನಿಂದ ಶುರು. "ಸಾಕು ಬಿಡ್ರೀ, ಆ ಅಜ್ಜಿ ಏನು ಕಬ್ಬಿಣ ಅಗೀತಾಳಾ?" ಎಂದು ಲ್ಯಾಬಿನ ಯಜಮಾನಿ ಬೈದರೆ, "ಸುಳ್ಳು ಹಲ್ಲಾದ್ರೂ ಸುಳ್ಳು ಅನ್ನಿಸಬಾರದು ನೋಡಿ" ಎನ್ನುತ್ತಿದ್ದರು. ಮೇಷ್ಟ್ರು ಎನ್ನುವ ಹೆಸರು ಬಂದದ್ದು ಈ ಹಟದಿಂದಲೇ. ಊರಿನವರ ಬಾಯಿ ತುಂಬಿಸುವ ಈ ಮನುಷ್ಯ ತಾನು ಮಾತ್ರ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ವಯಸ್ಸು ಐವತ್ಮೂರು. ಮದುವೆಯ ವಯಸ್ಸಿನಲ್ಲಿ ಅಪ್ಪ ಹಾಸಿಗೆ ಹಿಡಿದರು, ಅಪ್ಪ ಹೋದ ಮೇಲೆ ಅಮ್ಮ, ಅಮ್ಮ ಹೋಗುವಷ್ಟರಲ್ಲಿ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಈಗ ಎರಡು ಕೋಣೆಯ ಮನೆಯಲ್ಲಿ ಅವರು ಮತ್ತು ಅವರ ಅಕ್ಕ. ಅಕ್ಕ ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತಳಾದವಳು. ಮನೆಯ ಒರೆಸುವ ಬಟ್ಟೆಗೂ ಇಸ್ತ್ರಿ ಹಾಕದೆ ಅವಳಿಗೆ ನೆಮ್ಮದಿಯಿಲ್ಲ.

ಸಂಜೆ ಏಳಕ್ಕೆ ಮೇಷ್ಟ್ರು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಹಳೆಯ ಕಂಪ್ಯೂಟರ್ ತೆರೆದು ಕೂತರೆ ಒಂಬತ್ತಕ್ಕೆ ಏಳುವುದು. ಆನ್‌ಲೈನ್ ಆಟ. ಅದರಲ್ಲಿ ಬಂದೂಕಿಲ್ಲ, ಓಟವಿಲ್ಲ, ಚಿತ್ರವೂ ಇಲ್ಲ. ಬರೀ ಬರವಣಿಗೆ. ನದಿಯ ದಡದಲ್ಲೊಂದು ಕಲ್ಪನೆಯ ಊರು. ಎಲ್ಲೆಲ್ಲಿಯೋ ಇರುವ ಅರವತ್ತು ಜನ ತಲೆಗೊಂದು ಪಾತ್ರ ಹೊತ್ತು, ಆ ಪಾತ್ರ ಏನು ಹೇಳಿತು, ಏನು ಮಾಡಿತು ಎಂದು ದಿನವೂ ಬರೆಯುತ್ತಾರೆ. ಒಬ್ಬ ಕಮ್ಮಾರ, ಒಬ್ಬ ರೊಟ್ಟಿಯವ, ಒಬ್ಬಳು ಸೂಲಗಿತ್ತಿ. ಹೀಗೆ ಹನ್ನೆರಡು ವರ್ಷದಿಂದ ಊರು ನಡೆದುಕೊಂಡು ಬಂದಿತ್ತು.

ಅರವತ್ತು ಕೈ ಸೇರಿ ಒಂದು ಕಥೆ ಬರೆದರೆ ಏನಾಗುತ್ತದೆ? ಕಮ್ಮಾರನ ಎಡಗೈ ಜಗಳದಲ್ಲಿ ತುಂಡಾಗಿರುತ್ತದೆ, ಎರಡು ತಿಂಗಳ ನಂತರ ಅದೇ ಕಮ್ಮಾರ ಎರಡೂ ಕೈಯಲ್ಲಿ ಮಗುವನ್ನೆತ್ತಿ ಆಡಿಸುತ್ತಾನೆ. ಸುಟ್ಟು ಬೂದಿಯಾದ ಸೇತುವೆಯ ಮೇಲೆ ಯಾರೋ ಆರಾಮಾಗಿ ನಡೆದು ಬರುತ್ತಾರೆ. ಸತ್ತು ಮಣ್ಣಾದ ಅಜ್ಜಿ ಮಾರನೆಯ ವಾರ ಮೊಮ್ಮಗಳ ಮದುವೆಯಲ್ಲಿ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಾಳೆ. ಇಂಥ ಎಡವಟ್ಟುಗಳನ್ನು ಹಿಡಿದು ತಿದ್ದುವುದಕ್ಕೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವ ಒಬ್ಬ ಮನುಷ್ಯ ಬೇಕಿತ್ತು. ಯಾರೆಂದು ಬೇರೆ ಹೇಳಬೇಕೆ? ಅಲ್ಲಿಯೂ ಅವರನ್ನು ಮೇಷ್ಟ್ರೆಂದೇ ಕರೆಯುತ್ತಿದ್ದರು. ಆ ಊರಿನಲ್ಲಿ ಹೊತ್ತು ಎಷ್ಟಾಯಿತು, ಯಾವಾಗ ಬೆಳಗು, ಯಾವಾಗ ಕತ್ತಲು ಎಂದು ಸಾರುವ ಅಧಿಕಾರವೂ ಅವರದೇ.

ನಿಯಮಗಳು ಮೂರು. ಒಂದು, ಇನ್ನೊಬ್ಬರ ಪಾತ್ರದ ಬಾಯಿಗೆ ನಾವು ಮಾತು ಹಾಕಬಾರದು. ಎರಡು, ಹೊರಗಿನ ಬದುಕಿನ ಸುದ್ದಿ ಒಳಗೆ ಬರಬಾರದು; ಯಾರು, ಏನು ಕೆಲಸ, ಎಲ್ಲಿ ಮನೆ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಮೂರನೆಯದು ಸ್ವಲ್ಪ ಕಟು. ಇಂಥ ಹೊತ್ತಿಗೆ ಬರುತ್ತೇನೆಂದು ಮಾತು ಕೊಟ್ಟ ಪಾತ್ರ ಆ ಹೊತ್ತು ಕಳೆದರೂ ಬರದಿದ್ದರೆ ಅದರ ಕಥೆ ಮುಗಿಯಿತೆಂದು ಅರ್ಥ. ಬರೆಯುತ್ತಿದ್ದವರ ಖಾತೆಯೂ ಅವತ್ತೇ ಅಳಿದುಹೋಗುತ್ತದೆ. "ಬರ್ತೀನಿ ಅಂತ ಹೇಳಿ ನಾಪತ್ತೆಯಾಗೋದು, ಊರೆಲ್ಲಾ ಬಾಯಿ ಬಿಟ್ಕೊಂಡು ಕಾಯೋದು, ಇದೇನು ಚೆಂದ?" ಎಂದು ವಾದಿಸಿ ಈ ನಿಯಮ ಮಾಡಿಸಿದವರು ಮೇಷ್ಟ್ರೇ.

ಇನ್ನು ದೋಣಿಯಾಕೆಯ ವಿಷಯ. ಆ ಊರಿನಲ್ಲಿ ದೋಣಿ ನಡೆಸುವ ಹೆಂಗಸಿನ ಪಾತ್ರವನ್ನು ಬರೆಯುತ್ತಿದ್ದವಳು ಬಂದು ಎಂಟು ವರ್ಷವಾಗಿತ್ತು. ಚೆನ್ನಾಗಿ ಬರೆಯುತ್ತಿದ್ದಳು, ಆದರೆ ತಪ್ಪುಗಳೆಂದರೆ ತಪ್ಪುಗಳು! ಸೋಮವಾರ ನೀಲಿಯಿದ್ದ ದೋಣಿ ಗುರುವಾರ ಕೆಂಪು. ತಮ್ಮನಿಲ್ಲದವಳಿಗೆ ಇದ್ದಕ್ಕಿದ್ದಂತೆ ತಮ್ಮನ ಹೆಂಡತಿಯ ಮೇಲೆ ಸಿಟ್ಟು. ಪ್ರತಿ ಸಲವೂ ಮೇಷ್ಟ್ರು ಆಕೆಗೆ ಖಾಸಗಿಯಾಗಿ ಬರೆಯಬೇಕು: "ದೋಣಿ ನೀಲಿ. ಹೋದ ವರ್ಷ ನೀವೇ ಬಣ್ಣ ಹಚ್ಚಿದ್ದು." ಆಕೆ ಉತ್ತರಿಸುವಳು: "ಅಯ್ಯೋ ಹೌದಲ್ಲ. ಆ ಬಣ್ಣ ಚೆನ್ನಾಗಿತ್ತಾ?" ಚೆನ್ನಾಗಿತ್ತು ಎಂದು ಮೇಷ್ಟ್ರು ಬರೆಯುವರು. ಹೀಗೆ ಒಂದು ತಪ್ಪಿನಿಂದ ಅರ್ಧ ಗಂಟೆಯ ಮಾತು. ಬರಬರುತ್ತಾ ಏನಾಯಿತೆಂದರೆ, ಆಕೆಯ ಬರಹದಲ್ಲಿ ತಪ್ಪಿಲ್ಲದ ದಿನ ಮೇಷ್ಟ್ರಿಗೆ ಊಟ ರುಚಿಸುತ್ತಿರಲಿಲ್ಲ.

ಒಮ್ಮೆ ಧೈರ್ಯ ಮಾಡಿ ಕೇಳಿಯೂಬಿಟ್ಟರು: "ನೀವು ಬೇಕು ಅಂತಾನೇ ತಪ್ಪು ಮಾಡ್ತೀರಾ?"

ಆಕೆಯ ಉತ್ತರ ಬಂತು: "ತಪ್ಪು ಮಾಡಿದ್ರೆ ತಾನೇ ನೀವು ಮಾತಾಡಿಸೋದು."

ಅವತ್ತು ಏನಾದರೂ ಹೇಳಬಹುದಿತ್ತು. ಈ ಪುಣ್ಯಾತ್ಮ ಬರೆದದ್ದೇನು ಗೊತ್ತೆ? "ಮೂರನೇ ಸಾಲಲ್ಲಿ ದೋಣಿಯ ಹುಟ್ಟು ಬಲಗೈಯಲ್ಲಿದೆ, ಐದನೇ ಸಾಲಲ್ಲಿ ಎಡಗೈಗೆ ಬಂದಿದೆ." ಇಂಥವರನ್ನು ಏನು ಮಾಡುವುದು ಹೇಳಿ.

ಆಕೆ ಕೊನೆಯದಾಗಿ ಬರೆದದ್ದು ಒಂದು ಸಾಮಾನ್ಯ ಸಾಲು. ದೋಣಿಯಾಕೆ ಆಚೆ ದಡಕ್ಕೆ ಹೊರಟು, ದಡದಲ್ಲಿದ್ದವರಿಗೆ ಕೂಗಿ ಹೇಳುತ್ತಾಳೆ: "ಔಷಧಿ ತರಬೇಕು. ದೀಪ ಹಚ್ಚೋ ಹೊತ್ತಿಗೆ ಬಂದ್ಬಿಡ್ತೀನಿ." ಅಷ್ಟೇ. ಮಾರನೆಯ ದಿನ ಆಕೆ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಮೇಷ್ಟ್ರು ಖಾಸಗಿಯಾಗಿ ಕಳಿಸಿದ "ಎಲ್ಲಿದ್ದೀರಿ?" ಎಂಬ ಮಾತಿನ ಪಕ್ಕದಲ್ಲಿ 'ಓದಿಲ್ಲ' ಎಂಬ ಗುರುತು ಹಾಗೇ ಉಳಿಯಿತು. ಹುಡುಕೋಣವೆಂದರೆ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ.

ಹೊರಗೆ ವಾರ ಕಳೆದಿದ್ದರೂ ಆ ಕಲ್ಪನೆಯ ಊರಿನಲ್ಲಿ ಇನ್ನೂ ಅದೇ ದಿನದ ಸಂಜೆ ನಾಲ್ಕು ಗಂಟೆ. ಮೇಷ್ಟ್ರು ಹೊತ್ತನ್ನು ಅಲ್ಲೇ ನಿಲ್ಲಿಸಿದರು.

ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಊರಿನಲ್ಲಿ ದೀಪ ಹಚ್ಚಿದರೆ ಆಕೆ ಕೊಟ್ಟ ಮಾತಿನ ಹೊತ್ತು ಮೀರುತ್ತದೆ. ಮೀರಿದರೆ ಮೂರನೆಯ ನಿಯಮ. ಖಾತೆ ಅಳಿದರೆ ಆ 'ಓದಿಲ್ಲ' ಎಂಬ ಗುರುತೂ ಉಳಿಯುವುದಿಲ್ಲ, ಆಕೆಗೆ ಮಾತು ಮುಟ್ಟಿಸಲು ಲೋಕದಲ್ಲಿದ್ದ ಒಂದೇ ದಾರಿ ಮುಚ್ಚಿಹೋಗುತ್ತದೆ.

ಮೊದಲ ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಎರಡನೆಯ ತಿಂಗಳಲ್ಲಿ ಯಾರೋ ಕೇಳಿದಾಗ "ಬೇಸಿಗೆ, ಹಗಲು ಉದ್ದ" ಎಂದರು ಮೇಷ್ಟ್ರು. ಐದನೆಯ ತಿಂಗಳಲ್ಲಿ ಗೋಪುರದ ಗಡಿಯಾರ ಕೆಟ್ಟಿತು. ಎಂಟನೆಯ ತಿಂಗಳಲ್ಲಿ ಮೋಡ ಕವಿದು ಹೊತ್ತು ತಿಳಿಯದಾಯಿತು. ಅಷ್ಟರಲ್ಲಿ ಅದೇ ಒಂದು ಸಂಜೆಯಲ್ಲಿ ಎರಡು ಮದುವೆ, ಒಂದು ಕಳ್ಳತನ, ಅದರ ವಿಚಾರಣೆ, ಕಳ್ಳನಿಗೆ ಆರು ತಿಂಗಳ ಸಜೆ ಮತ್ತು ಬಿಡುಗಡೆ ಎಲ್ಲವೂ ನಡೆದುಹೋಗಿದ್ದವು. ನಾಲ್ಕು ಗಂಟೆಗೆ ಅಂಬೆಗಾಲಿಡುತ್ತಿದ್ದ ಮಗು ಅದೇ ನಾಲ್ಕು ಗಂಟೆಗೆ ಓಡಾಡುತ್ತಿತ್ತು. ಜೀವಮಾನವಿಡೀ ಬೇರೆಯವರ ಎಡವಟ್ಟು ಹಿಡಿದ ಮನುಷ್ಯ ಹನ್ನೆರಡು ವರ್ಷದ ಕಥೆಯಲ್ಲಿ ಯಾರೂ ಮಾಡದಷ್ಟು ದೊಡ್ಡ ಎಡವಟ್ಟು ಮಾಡಿ, ಅದರ ಮೇಲೆ ಕೂತುಬಿಟ್ಟಿದ್ದರು.

"ಮೇಷ್ಟ್ರೇ, ಇದು ಹದಿನೇಳನೇ ಸಲ ನಾನು ಸಂಜೆ ರೊಟ್ಟಿ ಸುಡ್ತಿರೋದು," ಎಂದು ರೊಟ್ಟಿಯವ ಬರೆದ. "ಊರಿನವರ ಹೊಟ್ಟೆ ಬಿರಿದು ಹೋಗುತ್ತೆ. ಒಂದು ರಾತ್ರಿ ಮಲಗೋಕೆ ಬಿಡಿ."

ಜನ ನಕ್ಕರು, ಆಮೇಲೆ ಬೇಸತ್ತರು, ಆಮೇಲೆ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಹನ್ನೊಂದನೆಯ ತಿಂಗಳಿಗೆ ಅರವತ್ತು ಜನರ ಊರಿನಲ್ಲಿ ಉಳಿದವರು ಹತ್ತೊಂಬತ್ತು. ಒಂದು ಸಂಜೆ ಕಮ್ಮಾರನೇ ಮೇಷ್ಟ್ರಿಗೆ ಖಾಸಗಿಯಾಗಿ ಬರೆದ. ಮಾತು ಸಮಾಧಾನದಿಂದಲೇ ಇತ್ತು.

"ನಮಗೆಲ್ಲಾ ಗೊತ್ತು ಮೇಷ್ಟ್ರೇ, ನೀವು ಯಾರಿಗೆ ಕಾಯ್ತಿದೀರಿ ಅಂತ. ಯಾರೂ ಆಡಿಕೊಂಡಿಲ್ಲ. ಆದ್ರೆ ಊರು ಸಾಯ್ತಾ ಇದೆ. ಒಂದು ಕೆಲಸ ಮಾಡಿ, ನೀವೇ ದೋಣಿಯಾಕೆಯನ್ನ ವಾಪಸ್ ಕರ್ಕೊಂಡು ಬನ್ನಿ. ಅವರ ಧಾಟಿ ನಿಮಗಲ್ಲದೆ ಇನ್ಯಾರಿಗೆ ಬರುತ್ತೆ? ಮೊದಲನೇ ನಿಯಮ ಮುರಿದ್ರೂ ಈ ಒಂದು ಸಲ ನಾವು ಹೊಟ್ಟೆಗೆ ಹಾಕ್ಕೊಳ್ತೀವಿ. ಇಲ್ಲಾಂದ್ರೆ ಭಾನುವಾರದೊಳಗೆ ದೀಪ ಹಚ್ಚಿ. ಅದೂ ಆಗಲ್ಲ ಅಂದ್ರೆ ನಾವೂ ಹೊರಡ್ತೀವಿ."

ಮೇಷ್ಟ್ರು ಶನಿವಾರ ಕೂತು ಬರೆದರು. ದೋಣಿ ಬಂತು, ಆಕೆ ಹಗ್ಗ ಎಸೆದಳು, "ಏನ್ರೋ, ನಾನು ಮುಳುಗಿ ಹೋದೆ ಅಂತ ಅಂದ್ಕೊಂಡ್ರಾ?" ಎಂದು ನಕ್ಕಳು. ಆಕೆಯೇ. ಒಂದು ಅಕ್ಷರ ಆಚೀಚೆಯಿಲ್ಲದ ಹಾಗೆ ಆಕೆಯೇ. ಆಕೆಯ ಗುರುತಾಗಿ ಒಂದು ತಪ್ಪೂ ಇರಲೆಂದು ನೀಲಿ ದೋಣಿಗೆ ಹಸಿರು ಬಣ್ಣ ಹಾಕಿದರು. ಹಾಕಿ, ತಿದ್ದಲು ಕೈ ಮುಂದೆ ಚಾಚಿದವರು ಹಾಗೇ ನಿಂತರು. ಈ ತಪ್ಪು ತಮ್ಮದೇ. ಇದನ್ನು ಎಲ್ಲಿಗೆ ಹೋಗಿ ಯಾರಿಗೆ ಹೇಳುವುದು? "ಅಯ್ಯೋ ಹೌದಲ್ಲ" ಎನ್ನುವವರು ಯಾರು? ಬರೆದದ್ದನ್ನೆಲ್ಲ ಅಳಿಸಿಹಾಕಿದರು.

ಅಕ್ಕ ತಲೆದಿಂಬಿನ ಚೀಲಕ್ಕೆ ಇಸ್ತ್ರಿ ಹಾಕುತ್ತಿದ್ದವಳು ನಿಲ್ಲಿಸಿ ಕೇಳಿದಳು. "ಏನೋ ಅದು, ಕಣ್ಣಲ್ಲಿ ನೀರು?"

ಹನ್ನೊಂದು ತಿಂಗಳಿಂದ ಬಾಯಿಗೆ ಹಾಕಿದ್ದ ಬೀಗ ತೆಗೆದು ಮೇಷ್ಟ್ರು ಎಲ್ಲವನ್ನೂ ಹೇಳಿದರು. ಅಕ್ಕ ಪೂರ್ತಿ ಕೇಳಿದಳು. ಕಲ್ಪನೆಯ ಊರು, ನದಿ, ದೋಣಿ ಯಾವುದೂ ಅವಳಿಗೆ ವಿಚಿತ್ರವೆನಿಸಿದಂತೆ ಕಾಣಲಿಲ್ಲ.

"ಅಲ್ವೋ, ಎಂಟು ವರ್ಷ ಅವಳ ಹತ್ರ ಏನು ಮಾತಾಡ್ದೆ?"

"ತಪ್ಪು ತಿದ್ದಿದೆ."

"ಮತ್ತೆ?"

"ಮತ್ತೇನೂ ಇಲ್ಲಕ್ಕ."

"ಅವಳಿಗೆ ನೀನು ಬೇಕಾಗಿದ್ದೆ ಅಂತ ನಿಂಗೆ ಗೊತ್ತು. ನಿಂಗೆ ಅವಳು ಬೇಕಾಗಿದ್ಲು ಅಂತ ಅವಳಿಗೆ ಗೊತ್ತಾ?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಬದುಕಿದಾಳೋ ಇಲ್ವೋ ನಮ್ಮಿಬ್ರಿಗೂ ಗೊತ್ತಿಲ್ಲ. ಹೊತ್ತು ನಿಲ್ಸಿ ಕೂತ್ರೆ ಅವಳಿಗೇನು ಗೊತ್ತಾಗುತ್ತೆ? ಹೇಳೋದನ್ನ ಹೇಳು. ದೀಪ ಹಚ್ಚೋಕೆ ಮುಂಚೆ ಹೇಳು."

ಭಾನುವಾರ ಮೇಷ್ಟ್ರು ಆಕೆಗೆ ಬರೆದರು. ಎರಡನೆಯ ನಿಯಮವನ್ನು ಪಾದದಡಿಗೆ ಹಾಕಿ ತುಳಿದರು.

"ನಾನು ಹಲ್ಲುಸೆಟ್ಟು ಕಟ್ಟುವವನು. ಐವತ್ಮೂರು ವರ್ಷ. ಅಕ್ಕನ ಜೊತೆ ಇದ್ದೇನೆ. ಪ್ಲಾಸ್ಟರ್ ಒಣಗುವ ಹೊತ್ತಿನಲ್ಲಿ ನಿಮ್ಮನ್ನೇ ನೆನೆಯುತ್ತೇನೆ, ಅದು ದಿನಕ್ಕೆ ಆರು ಸಲ ಒಣಗುತ್ತದೆ. ನೀವು ಹುಷಾರಾಗಿದ್ದೀರೋ ಇಲ್ಲವೋ ಗೊತ್ತಿಲ್ಲ. ಔಷಧಿ ನಿಮಗೇ ಬೇಕಿತ್ತೇ ಎಂದು ಹನ್ನೊಂದು ತಿಂಗಳಿಂದ ಯೋಚಿಸುತ್ತಿದ್ದೇನೆ. ನನಗೆ ನೀವೆಂದರೆ ತುಂಬಾ ಇಷ್ಟ. ನೀವು ತಪ್ಪು ಮಾಡದಿದ್ದರೂ ಮಾತಾಡಿಸಬೇಕೆಂದಿತ್ತು, ಧೈರ್ಯ ಬರಲಿಲ್ಲ." ಕೆಳಗೆ ತಮ್ಮ ನಿಜವಾದ ಹೆಸರು, ಲ್ಯಾಬಿನ ಫೋನ್ ನಂಬರು. ಮೇಣ ಮೆತ್ತುತ್ತದೆಂದು ಮೊಬೈಲನ್ನು ಕೆಲಸಕ್ಕೆ ಒಯ್ಯದ ಆಸಾಮಿ ಅವರು.

ಕಳಿಸಿದರು. 'ಓದಿಲ್ಲ' ಎಂದು ತೋರಿಸಿತು. ಎಂಟೂವರೆಯವರೆಗೆ ಕಾದರು.

ಆಮೇಲೆ ಊರಿನವರಿಗೆಲ್ಲ ಕಾಣುವಂತೆ ಬರೆದರು: "ಕತ್ತಲಾಯಿತು. ಮನೆಮನೆಯಲ್ಲಿ ದೀಪ ಹಚ್ಚಿದರು. ದೋಣಿ ಇನ್ನೂ ಬಂದಿಲ್ಲ." ಮುಳುಗಿತೆಂದು ಬರೆಯಲು ಅವರಿಗೆ ಕೈ ಬರಲಿಲ್ಲ, ಮುಳುಗಿದ್ದನ್ನು ಕಂಡವರೂ ಇರಲಿಲ್ಲ. ರೊಟ್ಟಿಯವ ಒಲೆ ಆರಿಸಿ, ಬೂಟು ಬಿಚ್ಚಿ, ಹನ್ನೊಂದು ತಿಂಗಳ ನಿದ್ದೆಗೆ ಉರುಳಿದ. ಕಮ್ಮಾರ ಇದ್ದೊಂದು ಕೈಯಲ್ಲಿ ಲಾಂದ್ರ ಹಿಡಿದು, ಯಾರೂ ಹೇಳದಿದ್ದರೂ, ದಡದವರೆಗೆ ಹೋಗಿ ನಿಂತು ಬಂದ. ಒಂಬತ್ತಾಗುವ ಮೊದಲೇ ಆಕೆಯ ಖಾತೆ ಅಳಿಯಿತು. ಅದರೊಂದಿಗೆ ಎಂಟು ವರ್ಷದ ಮಾತೂ, ಅವತ್ತಿನ ಆ ಪತ್ರವೂ ಹೋಯಿತು. ಆಕೆ ಆ ಅರ್ಧ ಗಂಟೆಯಲ್ಲಿ ಓದಿದಳೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ.

ಊರು ಈಗ ಚೇತರಿಸಿಕೊಂಡಿದೆ. ಬಿಟ್ಟು ಹೋದವರಲ್ಲಿ ಕೆಲವರು ವಾಪಸ್ ಬಂದಿದ್ದಾರೆ, ಬೆಳಗೂ ರಾತ್ರಿಯೂ ಹೊತ್ತಿಗೆ ಸರಿಯಾಗಿ ಆಗುತ್ತಿವೆ. ಬದಲಾದವರು ಮೇಷ್ಟ್ರು. ಫೋನೆಂದರೆ ಮೂಗು ಮುರಿಯುತ್ತಿದ್ದವರು ಈಗ ಲ್ಯಾಬಿನಲ್ಲಿ ಅದು ಒಂದು ಸಲ ಬಡಿದುಕೊಳ್ಳುವಷ್ಟರಲ್ಲಿ ಕೈಯಲ್ಲಿದ್ದ ಮೇಣ ಬಿಟ್ಟು ಓಡುತ್ತಾರೆ. ಯಜಮಾನಿಗೆ ಇದರ ತಲೆಬುಡ ಅರ್ಥವಾಗಿಲ್ಲ. ದೋಣಿಯಾಕೆಯ ಧ್ವನಿಯನ್ನು ಮೇಷ್ಟ್ರು ಒಮ್ಮೆಯೂ ಕೇಳಿದವರಲ್ಲ. ಹಾಗಾಗಿ ಯಾವ ಹೆಂಗಸು "ಹಲೋ" ಎಂದರೂ, ಮುಂದಿನ ಮಾತು ಬರುವವರೆಗೆ, ಅದು ಆಕೆಯೇ ಇರಬಹುದು.

"ಹಲೋ?" ಎಂದಿತು ನಿನ್ನೆ ಮಧ್ಯಾಹ್ನ ಒಂದು ಹೆಣ್ಣುಧ್ವನಿ. ಮಾತಾಡಲೋ ಬೇಡವೋ ಎಂಬಂತೆ ಸ್ವಲ್ಪ ತಡೆಯಿತು.

"ಹೇಳಿ," ಎಂದರು ಮೇಷ್ಟ್ರು. "ನಾನೇ ಮಾತಾಡ್ತಿರೋದು. ಹೇಳಿ."

"ನಮ್ಮತ್ತೆಯವರ ಮೇಲಿನ ಸೆಟ್ಟು ರೆಡಿ ಆಯ್ತಾ ಅಂತ ಕೇಳೋಣ ಅಂತ."

"ಬುಧವಾರ ಬನ್ನಿ," ಎಂದರು ಮೇಷ್ಟ್ರು.